ಬಫರ್ ಪೂಲ್: ಡೇಟಾಬೇಸ್‌ಗೆ ಎಷ್ಟು ರ‍್ಯಾಮ್ ಕೊಡಬೇಕು?

ಡೇಟಾಬೇಸ್ ಸರ್ವರ್ ತನ್ನ ಬಳಕೆಗೆಂದೇ ರ‍್ಯಾಮ್‌ನಲ್ಲಿ ಹಿಡಿದಿಟ್ಟುಕೊಳ್ಳುವ ಜಾಗಕ್ಕೆ ಬಫರ್ ಪೂಲ್ ಎನ್ನುತ್ತಾರೆ. ಡಿಸ್ಕಿನಿಂದ ಓದಿದ ಟೇಬಲ್ ಮತ್ತು ಇಂಡೆಕ್ಸ್‌ಗಳ (ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿಗಳ) ತುಣುಕುಗಳು ಇಲ್ಲಿ ಉಳಿಯುತ್ತವೆ. ಅದೇ ತುಣುಕು ಮತ್ತೆ ಬೇಕಾದರೆ ಡಿಸ್ಕಿನವರೆಗೆ ಹೋಗಬೇಕಿಲ್ಲ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ಡೇಟಾ ಇಟ್ಟು ತೆಗೆಯುವ ಭಾಗವಾದ ಇನ್ನೊಡಿಬಿ ಎಂಜಿನ್‌ನಲ್ಲಿ ಒಂದು ತುಣುಕು, ಅಂದರೆ ಪೇಜ್, 16 ಕೆಬಿ ಇರುತ್ತದೆ. ಸಕ್ಕರೆ ಕಾರ್ಖಾನೆಯ ಡೇಟಾಬೇಸ್‌ನಲ್ಲಿ ಒಬ್ಬ ರೈತನ ಒಂದೇ ಸಾಲು ಕೇಳಿದರೂ ಇಡೀ ಪೇಜ್ ಮೇಲೆ ಬರುತ್ತದೆ. ತಿದ್ದುಪಡಿ ಮೊದಲು ಆಗುವುದೂ ಇಲ್ಲೇ, ಟೇಬಲ್ ಫೈಲಿಗೆ ಅದು ಆಮೇಲೆ ಇಳಿಯುತ್ತದೆ.

ಹಾಗಾದರೆ ನಡುವೆ ಕರೆಂಟ್ ಹೋದರೆ? ಕಮಿಟ್ ಆದದ್ದೆಲ್ಲ, ಅಂದರೆ ಪಕ್ಕಾ ಆದ ವ್ಯವಹಾರವೆಲ್ಲ, ಅಷ್ಟರಲ್ಲಿ ಡಿಸ್ಕಿನ ಮೇಲಿನ ತಿದ್ದುಪಡಿಗಳ ದಾಖಲೆಯಾದ ರೀಡೂ ಲಾಗ್‌ಗೆ ಬರೆದಾಗಿರುತ್ತದೆ. ಸರ್ವರ್ ಮತ್ತೆ ಎದ್ದಾಗ ಅದನ್ನು ಓದಿ ಬಾಕಿ ಕೆಲಸ ಮುಗಿಸಿಕೊಳ್ಳುತ್ತದೆ. ಆದರೆ ಲಾಗ್ ಫ್ಲಶ್ ಮಾಡುವ (ಡಿಸ್ಕಿಗೆ ಇಳಿಸುವ) ಸೆಟ್ಟಿಂಗ್ ಮೂಲದಲ್ಲಿರುವ 1ರಲ್ಲೇ ಇರಬೇಕು. ವೇಗಕ್ಕೆಂದು ಅದನ್ನು 2 ಮಾಡಿದ ಕಡೆ ಕರೆಂಟ್ ಹೋದರೆ ಕೊನೆಯ ಒಂದು ಸೆಕೆಂಡಿನಷ್ಟು ದಾಖಲೆ ಹೋಗಬಹುದು. ತೂಕದ ಚೀಟಿ ರೈತನ ಕೈಯಲ್ಲಿದೆ, ಕಂಪ್ಯೂಟರಿನಲ್ಲಿ ನಮೂದೇ ಇಲ್ಲ ಎಂಬ ಜಗಳ ಹುಟ್ಟುವುದು ಹೀಗೆ.

ಇನ್‌ಸ್ಟಾಲ್ ಮಾಡಿ ಹಾಗೇ ಬಿಟ್ಟರೆ ಮೈಎಸ್‌ಕ್ಯೂಎಲ್ ಬಫರ್ ಪೂಲ್‌ಗೆ ತೆಗೆದುಕೊಳ್ಳುವುದು ಬರೇ 128 ಎಂಬಿ. ಯಂತ್ರದಲ್ಲಿ 16 ಜಿಬಿ ಇದ್ದರೂ ಅಷ್ಟೇ. ಮುಧೋಳ ಅಥವಾ ಅಥಣಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಸಾಫ್ಟ್‌ವೇರ್ ಎಂದುಕೊಳ್ಳಿ. ಮಳೆಗಾಲದಲ್ಲಿ ಎಲ್ಲವೂ ಚುರುಕು. ಕಬ್ಬು ನುರಿಸುವ ಹಂಗಾಮು ಶುರುವಾಗಿ ಟ್ರ್ಯಾಕ್ಟರ್‌ಗಳು ಪಾಳಿ ಹಚ್ಚಿದ ಮೇಲೆ ಒಂದು ನಮೂದಿಗೆ ಹತ್ತು ಸೆಕೆಂಡು. ಆಗ ಬೇಕಾಗುವ ಪೇಜ್‌ಗಳೆಂದರೆ ರೈತರ ನೋಂದಣಿ, ಈ ಹದಿನೈದು ದಿನದ ತೂಕ, ಅವುಗಳ ಇಂಡೆಕ್ಸ್. ಇವೆಲ್ಲ ಸೇರಿ 128 ಎಂಬಿ ಮೀರಿದರೆ ಒಂದನ್ನು ಹೊರದಬ್ಬಿ ಇನ್ನೊಂದನ್ನು ತರುವುದೇ ಕೆಲಸವಾಗುತ್ತದೆ. ಪೂಲ್‌ನಲ್ಲಿ ಹಿಡಿಸಬೇಕಾದದ್ದು ದಿನನಿತ್ಯ ಓಡಾಡುವ ಈ ಭಾಗ ಮಾತ್ರ. ಹತ್ತು ವರ್ಷದ ಡೇಟಾ 40 ಜಿಬಿ ಇದೆ ಎಂದು 40 ಜಿಬಿ ರ‍್ಯಾಮ್ ಕೊಳ್ಳಬೇಕಿಲ್ಲ.

ಎಷ್ಟು ಕೊಡಬೇಕು ಎಂದರೆ ‘ಶೇ. 75’ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿದೆ. ಅದು ಡೇಟಾಬೇಸ್ ಬಿಟ್ಟು ಬೇರೇನೂ ಇಲ್ಲದ ಯಂತ್ರದ ಮಾತು. ನಮ್ಮ ಕಡೆಯ ಪತ್ತಿನ ಸಂಘಗಳಲ್ಲಿ, ಅಡತ್ ಅಂಗಡಿಗಳಲ್ಲಿ ಡೇಟಾಬೇಸ್, ಸಾಫ್ಟ್‌ವೇರ್, ಆಂಟಿವೈರಸ್ ಎಲ್ಲ ಒಂದೇ ಡಬ್ಬಿಯಲ್ಲಿರುತ್ತವೆ. ಹಾಗಾಗಿ ಶೇಕಡಾ ಬಿಟ್ಟು ಕಳೆಯುವ ಲೆಕ್ಕ ಹಿಡಿಯುವುದು ಒಳ್ಳೆಯದು. 16 ಜಿಬಿಯ ಲಿನಕ್ಸ್ ಯಂತ್ರದಲ್ಲಿ ಆಪರೇಟಿಂಗ್ ಸಿಸ್ಟಮ್‌ಗೆ 1.5, ಅಪ್ಲಿಕೇಶನ್‌ಗೆ 3, ಕನೆಕ್ಷನ್‌ಗಳಿಗೆ ಅರ್ಧ ಜಿಬಿ ತೆಗೆದಿಡಿ. ಬ್ಯಾಕಪ್ ಓಡುವಾಗ ಬೇಕೆಂದು 2 ಜಿಬಿ ಕೈಯಲ್ಲಿರಲಿ. ಉಳಿದದ್ದು 9. ಆದರೆ ಪೂಲ್‌ನ ಒಳಗಿನ ಲೆಕ್ಕಪತ್ರಕ್ಕೇ ಹೇಳಿದ ಗಾತ್ರದ ಮೇಲೆ ಸುಮಾರು ಶೇ. 10 ಹೆಚ್ಚು ಹೋಗುತ್ತದೆ, ಆದ್ದರಿಂದ 8 ಜಿಬಿ ಬರೆಯಿರಿ.

ಬರೆಯುವಾಗ ಒಂದೆರಡು ಕಡೆ ಕಾಲು ಜಾರುತ್ತದೆ. ಸೆಟ್ಟಿಂಗ್‌ನ ಹೆಸರು ಇನ್ನೊಡಿಬಿ ಬಫರ್ ಪೂಲ್ ಸೈಜ್, ಪದಗಳ ನಡುವೆ ಅಂಡರ್‌ಸ್ಕೋರ್. ಕಾನ್ಫಿಗ್ ಫೈಲಿನಲ್ಲಿ 8ರ ನಂತರ ಜಿ ಅಕ್ಷರ ಹಾಕಿದರೆ (8G) ನಡೆಯುತ್ತದೆ. ಸರ್ವರ್ ಓಡುತ್ತಿರುವಾಗಲೇ ಸೆಟ್ ಗ್ಲೋಬಲ್ ಕೊಟ್ಟು ಬದಲಿಸುವುದಾದರೆ, ಮೈಎಸ್‌ಕ್ಯೂಎಲ್ 5.7 ಆವೃತ್ತಿಯಿಂದ ಈಚೆಗೆ ಅದು ಸಾಧ್ಯ, ಬೈಟ್‌ಗಳಲ್ಲೇ ಹೇಳಬೇಕು: 8589934592. ಹಾಗೆ ಬದಲಿಸಿದ್ದು ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ. 8.0ರಲ್ಲಿ ಸೆಟ್ ಪರ್ಸಿಸ್ಟ್ ಬಳಸಿದರೆ ಉಳಿಯುತ್ತದೆ. 8.0ರಲ್ಲಿ 1 ಜಿಬಿ ದಾಟಿದ ಪೂಲ್ ತಾನಾಗಿ 8 ಭಾಗವಾಗುತ್ತದೆ, ಪ್ರತಿ ಭಾಗ 128 ಎಂಬಿ ಲೆಕ್ಕದಲ್ಲಿ ಬೆಳೆಯುತ್ತದೆ, ಅಂದರೆ ಒಟ್ಟು ಪೂಲ್ ಒಂದೊಂದು ಜಿಬಿಯಾಗಿಯೇ ಬೆಳೆಯುತ್ತದೆ. ಹಾಗಾಗಿ 8.5 ಜಿಬಿ ಎಂದು ಕೊಟ್ಟರೆ ಸದ್ದಿಲ್ಲದೆ 9 ಆಗುತ್ತದೆ. ಗಾತ್ರ ಬದಲಾಗುವಾಗ ನಡೆಯುತ್ತಿರುವ ವ್ಯವಹಾರಗಳು ಮುಗಿಯುವವರೆಗೆ ಅದು ಕಾಯುತ್ತದೆ, ಹೊಸವೂ ಸ್ವಲ್ಪ ತಡೆಯುತ್ತವೆ. ಕಾಟಾದ ಮೇಲೆ ಗಾಡಿ ಇಲ್ಲದ ಹೊತ್ತು ನೋಡಿ ಮಾಡಿ.

ಹೆಚ್ಚು ಹಾನಿ ಆಗುವುದು ಇನ್ನೊಂದು ತುದಿಯಲ್ಲಿ, ಅಂದರೆ ಅತಿಯಾಗಿ ಕೊಟ್ಟಾಗ. ರ‍್ಯಾಮ್ ಸಾಲದೆ ಪೂಲ್‌ನ ಪೇಜ್‌ಗಳು ಸ್ವಾಪ್‌ಗೆ (ರ‍್ಯಾಮ್ ಬದಲು ಬಳಸುವ ಡಿಸ್ಕಿನ ಜಾಗಕ್ಕೆ) ಹೋದರೆ, ಡೇಟಾಬೇಸ್ ಅವು ರ‍್ಯಾಮ್‌ನಲ್ಲೇ ಇವೆ ಎಂದು ನಂಬಿ ಕೈಹಾಕುತ್ತದೆ, ಸಿಗುವುದು ಡಿಸ್ಕು. ವಿಎಂಸ್ಟ್ಯಾಟ್ ಕಮಾಂಡಿನಲ್ಲಿ ಸ್ವಾಪ್‌ನ ಓಡಾಟ ತೋರಿಸುವ ಎಸ್‌ಐ, ಎಸ್‌ಒ ಕಾಲಮ್‌ಗಳು ಸೊನ್ನೆಯಲ್ಲಿ ನಿಲ್ಲದಿದ್ದರೆ ಪೂಲ್ ಇಳಿಸಿ. ಅದೂ ಮೀರಿದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಮೈಎಸ್‌ಕ್ಯೂಎಲ್ ಅನ್ನೇ ಕೊಂದುಹಾಕುತ್ತದೆ. ಆಗ ಡೇಟಾಬೇಸ್‌ನ ಎರರ್ ಲಾಗ್‌ನಲ್ಲಿ ಕಾರಣ ಕಾಣದು, ಕರ್ನಲ್ ಲಾಗ್ ತೆರೆದು ನೋಡಬೇಕು. ಇದಕ್ಕೆ ಪೂಲ್ ಒಂದೇ ಹೊಣೆಯಲ್ಲ. ರಿಪೋರ್ಟ್ ನಿಧಾನ ಎಂದು ಸಾಲುಗಳನ್ನು ಕ್ರಮದಲ್ಲಿ ಜೋಡಿಸಲು ಬಳಸುವ ರ‍್ಯಾಮ್‌ನ ಮಿತಿಯಾದ ಸಾರ್ಟ್ ಬಫರ್ ಸೈಜ್ ಅನ್ನು ಮೂಲದ 256 ಕೆಬಿಯಿಂದ 64 ಎಂಬಿಗೆ ಏರಿಸುವವರಿದ್ದಾರೆ. ಅದು ಪ್ರತಿ ಕನೆಕ್ಷನ್‌ಗೂ ಬೇರೆ ಬೇರೆ. 100 ಕನೆಕ್ಷನ್ ಒಟ್ಟಿಗೆ ಸಾರ್ಟ್ ಮಾಡಿದರೆ 6400 ಎಂಬಿ. ಹೊಸ ಆವೃತ್ತಿಗಳು ಬೇಕಾದಷ್ಟನ್ನೇ ತೆಗೆದುಕೊಳ್ಳುತ್ತವೆ, ಆದರೂ ದೊಡ್ಡ ರಿಪೋರ್ಟ್ ಓಡಿಸುವ ಸೆಷನ್‌ಗೆ ಮಾತ್ರ ಏರಿಸುವುದೇ ಸರಿ.

ಸಾಕಾಯಿತೇ ಎಂದು ತಿಳಿಯಲು ಸ್ಟೇಟಸ್‌ನಲ್ಲಿ ಎರಡು ಸಂಖ್ಯೆ ನೋಡಿ: ಪೂಲ್‌ಗೆ ಬಂದ ರೀಡ್ ರಿಕ್ವೆಸ್ಟ್‌ಗಳು ಮತ್ತು ಡಿಸ್ಕಿಗೆ ಹೋಗಬೇಕಾಗಿ ಬಂದ ರೀಡ್‌ಗಳು. ಕೆಲಸ ಜೋರಿರುವಾಗ ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಬರೆದುಕೊಂಡು ವ್ಯತ್ಯಾಸ ತೆಗೆಯಿರಿ. 60 ಲಕ್ಷ ರಿಕ್ವೆಸ್ಟ್, 60 ಸಾವಿರ ಡಿಸ್ಕ್ ರೀಡ್ ಬಂದಿತೆನ್ನಿ. ಶೇ. 99 ಪೂಲ್‌ನಲ್ಲೇ ಸಿಕ್ಕಿತು ಎಂದು ಖುಷಿಪಡುವ ಮೊದಲು ಭಾಗಿಸಿ: ಸೆಕೆಂಡಿಗೆ 100 ರೀಡ್. ಸಾಮಾನ್ಯ ಹಾರ್ಡ್ ಡಿಸ್ಕಿನ ಶಕ್ತಿ ಅಲ್ಲಿಗೇ ಮುಗಿಯಿತು, ಎಸ್‌ಎಸ್‌ಡಿಗೆ ಅದು ಲೆಕ್ಕಕ್ಕೇ ಇಲ್ಲ. ಹಂಗಾಮಿನಲ್ಲೂ ಪೂಲ್‌ನ ಫ್ರೀ ಪೇಜ್‌ಗಳು ಸಾಕಷ್ಟು ಉಳಿದಿದ್ದರೆ ಗಾತ್ರ ಹೆಚ್ಚಾಗಿದೆ. ಇನ್ನು ಇಂಡೆಕ್ಸ್ ಇಲ್ಲದೆ ಇಡೀ ಟೇಬಲ್ ಜಾಲಾಡುವ ಕ್ವೆರಿಗೆ ರ‍್ಯಾಮ್ ಸುರಿದು ಉಪಯೋಗವಿಲ್ಲ, ಮೊದಲು ಇಂಡೆಕ್ಸ್ ಹಾಕಿ.

ಬೇರೆ ಡೇಟಾಬೇಸ್‌ಗಳಲ್ಲಿ ಲೆಕ್ಕ ಬೇರೆ. ಪೋಸ್ಟ್‌ಗ್ರೆಸ್ ಆಪರೇಟಿಂಗ್ ಸಿಸ್ಟಮ್‌ನ ಕ್ಯಾಶ್ ಅನ್ನೂ ನೆಚ್ಚಿಕೊಳ್ಳುವುದರಿಂದ ಅದರ ಶೇರ್ಡ್ ಬಫರ್ಸ್‌ಗೆ (ಅಲ್ಲಿನ ಬಫರ್ ಪೂಲ್‌ಗೆ) ರ‍್ಯಾಮ್‌ನ ಶೇ. 25ರಿಂದ ಶುರುಮಾಡುತ್ತಾರೆ, ಬದಲಿಸಿದರೆ ರೀಸ್ಟಾರ್ಟ್ ಬೇಕು. ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯ ಬಫರ್ ಪೂಲ್ 1410 ಎಂಬಿ ದಾಟುವುದಿಲ್ಲ. ಅದಕ್ಕೆಂದು 32 ಜಿಬಿ ರ‍್ಯಾಮ್ ಹಾಕಿಸುವುದು ದುಡ್ಡು ದಂಡ.

ರೀಸ್ಟಾರ್ಟ್ ಆದ ಕೂಡಲೇ ಪೂಲ್ ಖಾಲಿ ಇರುವುದರಿಂದ ಮೊದಲ ಕೆಲ ನಿಮಿಷ ಎಲ್ಲವೂ ನಿಧಾನ. ಸರಿಯಾಗಿ ಮುಚ್ಚಿದಾಗ ಇನ್ನೊಡಿಬಿ ತೀರ ಇತ್ತೀಚೆಗೆ ಬಳಸಿದ ಶೇ. 25 ಪೇಜ್‌ಗಳ ಪಟ್ಟಿಯನ್ನು ಸಣ್ಣ ಫೈಲಿಗೆ ಬರೆದಿಟ್ಟು, ಎದ್ದಮೇಲೆ ಅವನ್ನು ಮತ್ತೆ ತುಂಬಿಕೊಳ್ಳುತ್ತದೆ. ಕರೆಂಟ್ ಹೋಗಿ ಯಂತ್ರ ದಪ್ಪನೆ ನಿಂತರೆ ಆ ಪಟ್ಟಿ ಬರೆಯಲು ಸಮಯವೇ ಸಿಗದು. ಯುಪಿಎಸ್ ನಂಬುವಂತಿಲ್ಲದ ಕಡೆ ಆ ಪಟ್ಟಿಯನ್ನು ಕೂಡಲೇ ಬರೆಯಿಸುವ ಬಫರ್ ಪೂಲ್ ಡಂಪ್ ನೌ ಸೆಟ್ಟಿಂಗನ್ನು ಗಂಟೆಗೊಮ್ಮೆ ಕ್ರಾನ್‌ನಿಂದ (ಲಿನಕ್ಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸೌಲಭ್ಯದಿಂದ) ಆನ್ ಮಾಡಿಸಿ, ಶೇ. 25 ಅನ್ನು 50ಕ್ಕೆ ಏರಿಸಿಕೊಳ್ಳಿ.