ಬಾಲ್ಯಕ್ಕೆ ಬೀಳುವ ಪೆಟ್ಟು ಮತ್ತು ರಾಜ್ಯದ ನೀತಿ: ಯಾರನ್ನು ಕೇಳಬೇಕು, ಏನನ್ನು ಕೇಳಬೇಕು

ಸಮಾಜಕಾರ್ಯ ಓದುವ ನಾವೆಲ್ಲ ‘ಪ್ರತಿಕೂಲ ಬಾಲ್ಯಾನುಭವ’, ಅಂದರೆ ಬಾಲ್ಯಕ್ಕೆ ಪೆಟ್ಟು ಕೊಡುವ ಅನುಭವ, ಎಂಬ ಮಾತನ್ನು ಮೊದಲ ಸೆಮಿಸ್ಟರಿನಲ್ಲೇ ಕೇಳಿರುತ್ತೇವೆ. ವ್ಯಾಖ್ಯೆ ಬರೆಯುವುದು ಕಷ್ಟವಲ್ಲ. ಆದರೆ ‘ಇದನ್ನು ತಡೆಯಲು ಸರ್ಕಾರ ಏನು ಮಾಡಬೇಕು?’ ಎಂದು ಕೇಳಿದ ಕೂಡಲೇ ನಮ್ಮ ಉತ್ತರಗಳೆಲ್ಲ ‘ಜಾಗೃತಿ ಮೂಡಿಸಬೇಕು’ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಅಲ್ಲಿಂದ ಮುಂದಿನ ಹೆಜ್ಜೆ ಯಾವುದು ಎಂದು ಯೋಚಿಸುತ್ತಾ ಈ ಟಿಪ್ಪಣಿ ಮಾಡಿಕೊಂಡೆ.

ಹಿನ್ನೆಲೆ ಇಷ್ಟು. 1995ರಿಂದ 1997ರವರೆಗೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು 17,000ಕ್ಕೂ ಹೆಚ್ಚು ವಯಸ್ಕರ ಬಾಲ್ಯದ ಬಗ್ಗೆ ವಿಚಾರಿಸಿದರು. ಹೊಡೆತ, ಲೈಂಗಿಕ ದೌರ್ಜನ್ಯ, ನಿರ್ಲಕ್ಷ್ಯ, ಮನೆಯಲ್ಲಿ ಕುಡಿತ, ತಾಯಿಯ ಮೇಲೆ ಹಲ್ಲೆ ಮುಂತಾದ ಹತ್ತು ಬಗೆಯ ಅನುಭವಗಳ ಪಟ್ಟಿ ಹುಟ್ಟಿದ್ದು ಅಲ್ಲಿಂದ. ಇಂಥವು ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ವ್ಯಸನ, ಹೃದ್ರೋಗದ ಅಪಾಯ ಏರುತ್ತಾ ಹೋಗುತ್ತದೆ ಎಂಬುದು 1998ರಲ್ಲಿ ಪ್ರಕಟವಾದ ಮುಖ್ಯ ಫಲಿತಾಂಶ. ಹತ್ತರಲ್ಲಿ ಎಷ್ಟು ಆಗಿವೆ ಎಂದು ಎಣಿಸಿ ಕೊಡುವ ಅಂಕವನ್ನು ಒಂದು ಮಗುವಿನ ಹಣೆಬರಹದಂತೆ ಓದಬಾರದು ಎಂದು ಆಂಡಾ ಅವರೇ ಮುಂದೆ 2020ರಲ್ಲಿ ಎಚ್ಚರಿಸಿದ್ದಾರೆ. ನನಗೆ ಕಾಣುವ ಇನ್ನೊಂದು ಕೊರತೆಯೆಂದರೆ, ಆ ಹತ್ತರಲ್ಲಿ ಹಸಿವು ತಾನಾಗಿ ಒಂದು ಬಗೆಯಲ್ಲ, ಬಾಲ್ಯವಿವಾಹವೂ ಇಲ್ಲ. ಆರೋಗ್ಯ ವಿಮೆಯಿದ್ದ ಮಧ್ಯಮವರ್ಗದ ರೋಗಿಗಳನ್ನು ಕೇಳಿ ಮಾಡಿದ ಪಟ್ಟಿ ಅದು. ಯಾದಗಿರಿಯಲ್ಲೋ ರಾಯಚೂರಿನಲ್ಲೋ ಕೂತು ಮಾಡಿದ್ದರೆ ಬೇರೆಯೇ ಪಟ್ಟಿ ಆಗುತ್ತಿತ್ತು.

ನಮ್ಮ ಪಟ್ಟಿಯಲ್ಲಿ ಮೊದಲು ಬರುವ ಬಾಲ್ಯವಿವಾಹವನ್ನೇ ನೋಡೋಣ. 2006ರ ಕೇಂದ್ರ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ಮಾಡಿಸುವುದು ಅಪರಾಧ. ಆದರೆ ಆಗಿಹೋದ ಮದುವೆ ತಾನಾಗಿ ರದ್ದಾಗುವುದಿಲ್ಲ. ಪ್ರಾಯಕ್ಕೆ ಬಂದು ಎರಡು ವರ್ಷ ತುಂಬುವುದರೊಳಗೆ ಆ ಹುಡುಗಿಯೇ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಕಂಕುಳಲ್ಲಿ ಕೂಸು, ಕೈಯಲ್ಲಿ ಕಾಸಿಲ್ಲ, ಇರುವುದು ಗಂಡನ ಮನೆಯಲ್ಲಿ. ಅವಳು ಯಾವ ಬಸ್ಸು ಹತ್ತಿ ಕೋರ್ಟಿಗೆ ಹೋಗಬೇಕು? ಈ ತೊಡಕನ್ನು ಬಿಡಿಸಲು ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಘೋಷಿಸಿತು. 2016ರಲ್ಲಿ ತಂದ ಈ ತಿದ್ದುಪಡಿ 2017ರಲ್ಲಿ ಜಾರಿಯಾಯಿತು. ನಡುವಿನ ವಿಳಂಬಕ್ಕೆ ಕಾರಣವಿದೆ, ಪರೀಕ್ಷೆಗೂ ಅದು ಬೇಕು: ಮದುವೆ ಸಮವರ್ತಿ ಪಟ್ಟಿಯ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ, ವಿಷಯ. ಕೇಂದ್ರದ ಕಾಯ್ದೆಗೆ ಹೊಂದದಂಥ ನಿಯಮವನ್ನು ರಾಜ್ಯ ಮಾಡಬೇಕಾದರೆ ಸಂವಿಧಾನದ 254(2)ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬೇಕು. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಮೆಚ್ಚಿ, ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದರೆ ಒಳ್ಳೆಯದು ಎಂದಿತು.

ಇಲ್ಲಿ ನಾವು ಜಾರಿಬೀಳುವ ಒಂದು ಜಾಗವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 20–24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 18ಕ್ಕೆ ಮೊದಲೇ ಮದುವೆಯಾದವರು 2015–16ರಲ್ಲಿ ಶೇ. 21.4, ಮುಂದಿನ ಸುತ್ತಿನಲ್ಲಿ ಶೇ. 21.3. ‘ನೋಡಿ, ಕಾಯ್ದೆ ಬಂದರೂ ಏನೂ ಬದಲಾಗಲಿಲ್ಲ’ ಎಂದು ಬರೆಯಲು ಕೈ ತುಡಿಯುತ್ತದೆ. ಸ್ವಲ್ಪ ನಿಲ್ಲಿ. ಆ ಸುತ್ತಿಗೆ ಇಲ್ಲಿ ಮಾಹಿತಿ ಸಂಗ್ರಹಿಸಿದ್ದು 2019ರಲ್ಲಿ. ಆಗ 20 ದಾಟಿದ್ದವರು 18 ತುಂಬಿದ್ದು ಹೆಚ್ಚುಕಡಿಮೆ 2013ರಿಂದ 2017ರ ನಡುವೆ. ಅಂದರೆ ಅವರಿಗಾದ ಬಾಲ್ಯವಿವಾಹಗಳೆಲ್ಲ ಬಹುಮಟ್ಟಿಗೆ ತಿದ್ದುಪಡಿ ಜಾರಿಯಾಗುವ ಮೊದಲಿನವು. ಈ ಅಂಕಿ ಕಾಯ್ದೆಯನ್ನು ಅಳೆಯುವುದೇ ಇಲ್ಲ. ಶಾಸಕರ ಮುಂದೆ ತಪ್ಪು ಲೆಕ್ಕ ಇಟ್ಟರೆ ಎರಡನೇ ಸಲ ನಮ್ಮ ಮಾತು ಯಾರೂ ಕೇಳುವುದಿಲ್ಲ.

ಹಾಗೆಂದು ಕಾಯ್ದೆಯೊಂದೇ ಸಾಕು ಅಂತಲೂ ಅಲ್ಲ. ಏಳನೇ ತರಗತಿ ಮುಗಿದ ಮೇಲೆ ಹೈಸ್ಕೂಲು ದೂರವಿದ್ದರೆ, ಹಾಸ್ಟೆಲಿನಲ್ಲಿ ಸೀಟು ಸಿಗದಿದ್ದರೆ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಮನೆಯಲ್ಲಿ ಉಳಿದ ಹುಡುಗಿಗೆ ಗಂಡು ನೋಡಲು ಶುರುಮಾಡುತ್ತಾರೆ. ಅದಕ್ಕೇ ಸೈಕಲ್, ಹಾಸ್ಟೆಲ್, 2023ರ ಶಕ್ತಿ ಯೋಜನೆಯ ಉಚಿತ ಬಸ್ಸು ಇವನ್ನೆಲ್ಲ ಬಾಲ್ಯವಿವಾಹ ತಡೆಯುವ ನೀತಿಗಳೆಂದೇ ನಾನು ಓದುತ್ತೇನೆ.

ಇನ್ನು ಹಸಿವಿನ ಮಾತಿಗೆ ಬಂದರೆ ಮೊಟ್ಟೆ. ಒತ್ತಾಯ ಹೇಗೆ ಫಲ ಕೊಡುತ್ತದೆ ಎಂದು ಕಲಿಯಲು ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಬಿಸಿಯೂಟದಲ್ಲಿ ಮೊಟ್ಟೆ ಬೇಕೆಂಬ ಬೇಡಿಕೆ ಹಳೆಯದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಆಗ ತಜ್ಞರಿಗಿಂತ ಗಟ್ಟಿಯಾಗಿ ಮಾತಾಡಿದ್ದು ಮಕ್ಕಳೇ. ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ನಮಗೆ ಮೊಟ್ಟೆ ಬೇಕು ಎಂದು ದಿಟ್ಟವಾಗಿ ಹೇಳಿದ ವಿಡಿಯೊ ರಾಜ್ಯವೆಲ್ಲ ಓಡಾಡಿತು. ಜೊತೆಗೆ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು, ಸಿಗದ ಗದಗದ ಮಕ್ಕಳ ಜೊತೆ ಹೋಲಿಸಿದ ಅಧ್ಯಯನವೂ ಬಂತು. ತೂಕ ಹೆಚ್ಚಿದ್ದು ಕಣ್ಣಿಗೆ ಕಾಣುವಂತಿತ್ತು. ಮುಂದೆ ಯೋಜನೆ ಎಲ್ಲ ಜಿಲ್ಲೆಗಳಿಗೂ ಹಬ್ಬಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ಏರಿತು. ಸಣ್ಣ ಪ್ರಯೋಗ, ಹೋಲಿಕೆಗೆ ಇನ್ನೊಂದು ಜಿಲ್ಲೆ, ತಿನ್ನುವವರದೇ ದನಿ: ಮೂರೂ ಕೂಡಿಬಂದಾಗ ‘ಸಂಪ್ರದಾಯ’ದ ವಾದ ಸೋತಿತು. ನನಗೆ ಇದನ್ನು ಓದಿದಾಗಲೆಲ್ಲ ಸಂತೋಷವಾಗುತ್ತದೆ.

ಮನೆಗೆ ನೇರವಾಗಿ ಹಣ ಕೊಡುವ ಬಗ್ಗೆ ತರಗತಿಯಲ್ಲಿ ಬಹಳ ವಾದ ನಡೆಯುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ‘ಬಿಟ್ಟಿ’ ಎನ್ನುವವರು ಒಮ್ಮೆ ಅಮೆರಿಕದ ಲೆಕ್ಕ ನೋಡಲಿ. 2021ರಲ್ಲಿ ಅಲ್ಲಿ ಮಕ್ಕಳಿರುವ ಕುಟುಂಬಗಳ ತೆರಿಗೆ ಸಹಾಯಧನ ಹೆಚ್ಚಿಸಿದರು. ಸರ್ಕಾರಿ ನೆರವನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆಯಂತೆ ಮಕ್ಕಳ ಬಡತನ ಶೇ. 5.2ಕ್ಕೆ ಇಳಿಯಿತು. ಹೆಚ್ಚಳ ನಿಂತ ಮರುವರ್ಷ ಶೇ. 12.4. ಒಂದೇ ವರ್ಷದಲ್ಲಿ ತಾಯ್ತಂದೆಯರ ಗುಣ ಬದಲಾಗಿರಲಿಲ್ಲವಲ್ಲ!

ಹಣದಷ್ಟೇ ಮುಖ್ಯವಾದದ್ದು ಹೊತ್ತು. ಅಂಗನವಾಡಿಯಲ್ಲಿ ಕೂರಿಸಿ ಕಲಿಸುವುದು ಮೂರು ವರ್ಷ ತುಂಬಿದ ಮೇಲೆ. ಅದಕ್ಕೂ ಮೊದಲಿನ ಕೂಸನ್ನು ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಿ ಎಲ್ಲಿ ಬಿಡಬೇಕು? ಅಕ್ಕನ ಕೈಗೆ. ಅಕ್ಕ ಶಾಲೆ ಬಿಡುತ್ತಾಳೆ. ಒಂದು ಕೊರತೆ ಹೀಗೆ ಇಬ್ಬರು ಮಕ್ಕಳನ್ನು ಮುಟ್ಟುತ್ತದೆ. 2023–24ರ ಬಜೆಟ್ಟಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳು ತುಂಬಲು ಹೊರಟಿದ್ದು ಈ ಕಂದರವನ್ನೇ. ನೋಡಿಕೊಳ್ಳುವವರೂ ಊರಿನ ಹೆಣ್ಣುಮಕ್ಕಳೇ.

ಕುಡಿತದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮದ್ಯ ರಾಜ್ಯಪಟ್ಟಿಯಲ್ಲಿದೆ. ಕರ್ನಾಟಕ 2007ರಲ್ಲಿ ಸಾರಾಯಿ ನಿಷೇಧಿಸಿದ್ದು ಅದೇ ಅಧಿಕಾರದಿಂದ. ಆದರೆ ಅಬಕಾರಿ ಆದಾಯವೂ ಅದೇ ರಾಜ್ಯದ್ದು. ಹಾಗಾಗಿ ಇಲ್ಲಿ ನಮ್ಮ ಕೋರಿಕೆ ಹಣಕಾಸು ಇಲಾಖೆಯ ಗೋಡೆಗೆ ಬಡಿಯುತ್ತದೆ, ಅದನ್ನು ತಿಳಿದೇ ಹೋಗಬೇಕು.

ಇಷ್ಟಾದ ಮೇಲೆ ನಾನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡದ್ದು: ಮದುವೆಯ ಕಾಯ್ದೆಗೆ ವಿಧಾನಸೌಧ ಮತ್ತು ದೆಹಲಿ, ಮೊಟ್ಟೆಗೆ ಶಿಕ್ಷಣ ಇಲಾಖೆ, ಕೂಸಿನ ಮನೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಪ್ರತಿ ಕಷ್ಟಕ್ಕೂ ಬಾಗಿಲು ಬೇರೆ. ಪಂಚಾಯಿತಿ ಬಾಗಿಲಿಗೆ ಹೋಗಲು ಮಕ್ಕಳಿಗೇ ಒಂದು ದಾರಿಯಿದೆ, ಅದು ಮಕ್ಕಳ ಗ್ರಾಮಸಭೆ. ಕುಂದಾಪುರ ಭಾಗದಲ್ಲಿ ಮಕ್ಕಳ ಪಂಚಾಯಿತಿಗಳ ಮೂಲಕ ಬೆಳೆದ ಪದ್ಧತಿ ಮುಂದೆ ರಾಜ್ಯದ ಆದೇಶವಾಯಿತು. ಅಲ್ಲಿ ಕೇಳುವ ಮಾತು ‘ಮಕ್ಕಳ ಹಕ್ಕು ರಕ್ಷಿಸಿ’ ಎಂದಿದ್ದರೆ ನಡಾವಳಿ ಪುಸ್ತಕದಲ್ಲಿ ಒಂದು ಸಾಲಾಗಿ ಮಲಗುತ್ತದೆ. ‘ಕೂಸಿನ ಮನೆ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಅಮ್ಮ ಕೂಲಿಗೆ ಎಂಟಕ್ಕೆ ಹೋಗುತ್ತಾಳೆ, ಎಂಟಕ್ಕೇ ತೆರೆಯಿರಿ’ ಎಂದಿದ್ದರೆ ಪಿಡಿಒ ಉತ್ತರ ಕೊಡಲೇಬೇಕಾಗುತ್ತದೆ.

ಮುಂದಿನ ಫೀಲ್ಡ್‌ವರ್ಕಿಗೆ ಹೋದಾಗ ನಿಮ್ಮ ಪಂಚಾಯಿತಿಯ ಕಳೆದ ಮಕ್ಕಳ ಗ್ರಾಮಸಭೆಯ ನಡಾವಳಿ ಕೇಳಿ ಪಡೆಯಿರಿ. ಮಕ್ಕಳು ಏನು ಕೇಳಿದ್ದರು, ಅದು ಯಾವ ಇಲಾಖೆಗೆ ಹೋಯಿತು, ಉತ್ತರ ಬಂತೇ ಎಂದು ಬರೆದುಕೊಂಡು ಬನ್ನಿ. ನಮ್ಮ ಗುಂಪು ಕೂತು ಚರ್ಚಿಸೋಣ.