ಡೈರಿ ಬರೆದಷ್ಟೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಎರಡು ಸಲ ಸೋತಿದ್ದೇನೆ. ಮನಸ್ಸು ಗಟ್ಟಿಯಾಗಲಿ ಎಂದು ದಿನಾ ರಾತ್ರಿ ಆ ದಿನದ ತಪ್ಪುಗಳನ್ನೆಲ್ಲ ಡೈರಿಯಲ್ಲಿ ಬರೆಯುತ್ತೇನೆ. ಬರೆದು ಮುಗಿಸುವಷ್ಟರಲ್ಲಿ ನನ್ನ ಬಗ್ಗೆ ನನಗೇ ಬೇಸರ, ಮರುದಿನ ಪುಸ್ತಕ ಮುಟ್ಟಲೂ ಮನಸ್ಸಾಗುವುದಿಲ್ಲ. ಹೋಗಲಿ, ಇದ್ದಂತೆಯೇ ಒಪ್ಪಿಕೊಳ್ಳೋಣ ಎಂದರೆ ಸೋಮಾರಿಯಾಗಿಬಿಡುತ್ತೇನೆಂಬ ಭಯ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಕಳೆದ ವಾರದ ಪುಟಗಳನ್ನು ತೆರೆದು ಎರಡು ಬಣ್ಣದ ಪೆನ್ನು ಹಿಡಿಯಿರಿ. ನಡೆದದ್ದನ್ನು ಹೇಳುವ ವಾಕ್ಯಕ್ಕೆ ನೀಲಿ ಗೆರೆ, ನಿಮ್ಮ ಬಗ್ಗೆ ತೀರ್ಪು ಕೊಡುವ ವಾಕ್ಯಕ್ಕೆ ಕೆಂಪು ಗೆರೆ. "6 ಗಂಟೆಗೆ ಕೂತೆ, 6.20ಕ್ಕೆ ಮೊಬೈಲ್ ಎತ್ತಿಕೊಂಡೆ, 7.45ರವರೆಗೆ ರೀಲ್ಸ್ ನೋಡಿದೆ" ಎಂಬುದು ನೀಲಿ. "ನನಗೆ ಶಿಸ್ತೇ ಇಲ್ಲ, ಯಾವುದಕ್ಕೂ ಲಾಯಕ್ಕಿಲ್ಲ" ಎಂಬುದು ಕೆಂಪು. ಬರೆದ ಮೇಲೆ ಕುಗ್ಗಿಹೋಗುವವರ ಡೈರಿಯಲ್ಲಿ ಸಾಮಾನ್ಯವಾಗಿ ಕೆಂಪೇ ತುಂಬಿರುತ್ತದೆ. ನೋಯಿಸುತ್ತದೆ ಎಂಬ ಕಾರಣಕ್ಕೇ ಅದು ಪ್ರಾಮಾಣಿಕ ಅನ್ನಿಸುತ್ತದೆ. ಆದರೆ ಅದರಲ್ಲಿ ನಾಳೆ ಬದಲಾಯಿಸಲು ಕೈಗೆ ಸಿಗುವಂಥದ್ದು ಏನೂ ಇರುವುದಿಲ್ಲ. ನೀಲಿ ವಾಕ್ಯದಲ್ಲಿ ಇದೆ: ಇಪ್ಪತ್ತನೇ ನಿಮಿಷಕ್ಕೆ ಗಮನ ಹರಿಯಿತು, ಮೊಬೈಲ್ ಕೈಗೆಟಕುವ ಜಾಗದಲ್ಲಿತ್ತು.

ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೊಕ್ಸೆಮಾ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಇದನ್ನೇ. ತನ್ನ ಸಂಕಟವನ್ನೇ ಮತ್ತೆ ಮತ್ತೆ ಮೆಲುಕು ಹಾಕುವ ಅಭ್ಯಾಸ ಕುಗ್ಗಿದ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ, ಸಮಸ್ಯೆಗೆ ದಾರಿ ಹುಡುಕುವ ಶಕ್ತಿಯನ್ನೂ ಕಡಿಮೆ ಮಾಡುತ್ತದೆ. ನೀವು ರಾತ್ರಿ ಮಾಡುತ್ತಿರುವುದು ಈ ಮೆಲುಕು.

ಆದ್ದರಿಂದ ಬರವಣಿಗೆಯನ್ನು ಹಾಸಿಗೆಯಿಂದ ಸಂಜೆಗೆ, ಊಟಕ್ಕೆ ಮುಂಚೆ ತನ್ನಿ. ದಣಿದ ಹೊತ್ತಿನಲ್ಲಿ ಎಲ್ಲವೂ ಇದ್ದದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ, ಬರೆದ ಮೇಲೆ ಮಾಡಲು ಬೇರೆ ಕೆಲಸವಿಲ್ಲದಿದ್ದರೆ ಅದೇ ಯೋಚನೆ ನಿದ್ದೆಗೂ ಜೊತೆ ಬರುತ್ತದೆ. ಹತ್ತು ನಿಮಿಷಕ್ಕೆ ಅಲಾರಂ ಇಡಿ. ಏನಾಯಿತು, ಅದಕ್ಕೆ ಸ್ವಲ್ಪ ಮುಂಚೆ ಏನಿತ್ತು, ನಾಳೆ ಯಾವ ಒಂದನ್ನು ಬದಲಾಯಿಸುತ್ತೇನೆ, ಇಷ್ಟು ಸಾಕು. ಸರಿಯಾಗಿ ಓದಿದ ಮೂರು ಗಂಟೆಯನ್ನೂ ಬರೆಯಿರಿ. ಅದನ್ನು ಬಿಟ್ಟರೆ ಲೆಕ್ಕವೇ ಸುಳ್ಳಾಗುತ್ತದೆ. ಕೈ ಮತ್ತೆ ಕೆಂಪು ವಾಕ್ಯಕ್ಕೇ ಜಾರಿದರೆ "ನಾನು" ಎನ್ನುವ ಕಡೆ ನಿಮ್ಮ ಹೆಸರು ಹಾಕಿ, ಬೇರೆಯವರ ಬಗ್ಗೆ ಬರೆಯುವಂತೆ ಬರೆಯಿರಿ. ಆ ದೂರದಿಂದ ನೋಡಿದಾಗ ಬೈಗುಳ ಕಡಿಮೆಯಾಗಿ ಕಾರಣಗಳು ಕಾಣತೊಡಗುತ್ತವೆ.

ನಿಮ್ಮಂಥ ಅಭ್ಯರ್ಥಿಗೆ ಆತ್ಮಾವಲೋಕನಕ್ಕೆ ಅತ್ಯಂತ ಒಳ್ಳೆಯ ಸಾಮಗ್ರಿ ಅಣಕು ಪರೀಕ್ಷೆಯ ತಪ್ಪುಗಳು. ಒಟ್ಟು ಅಂಕ ನೋಡಿ ಪುಸ್ತಕ ಮುಚ್ಚುವವರೇ ಹೆಚ್ಚು; ಅಲ್ಲಿ ಸಿಗುವುದು ಮತ್ತೊಂದು ತೀರ್ಪು ಮಾತ್ರ. ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಒಂದು ಅಕ್ಷರ ಬರೆಯಿರಿ: ಗೊತ್ತೇ ಇರಲಿಲ್ಲ ಎಂದರೆ 'ಗೊ', ಓದಿದ್ದು ಮರೆತಿತ್ತು ಎಂದರೆ 'ಮ', ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದರೆ 'ಓ', ಊಹಿಸಿದ್ದರೆ 'ಊ'. ಇವು ನಾಲ್ಕು ಬೇರೆ ಬೇರೆ ಕಾಯಿಲೆಗಳು, ಮದ್ದೂ ಬೇರೆ. ಮೂವತ್ತು ತಪ್ಪುಗಳಲ್ಲಿ ಹನ್ನೆರಡು 'ಓ' ಇದ್ದರೆ ಹೊಸ ಪುಸ್ತಕ ಕೊಂಡು ಪ್ರಯೋಜನವಿಲ್ಲ; "ಸರಿಯಲ್ಲದ ಹೇಳಿಕೆ ಯಾವುದು" ಎಂಬಲ್ಲಿ "ಅಲ್ಲದ" ಪದಕ್ಕೆ ಗೆರೆ ಎಳೆಯುವ ಅಭ್ಯಾಸ ಬೇಕು. 'ಊ' ಹೆಚ್ಚಿದ್ದರೆ ಋಣಾತ್ಮಕ ಅಂಕವೇ ನಿಮ್ಮನ್ನು ಕೆಳಗೆಳೆಯುತ್ತಿದೆ. 'ಮ' ಹೆಚ್ಚಿದ್ದರೆ ಹೊಸ ಓದು ನಿಲ್ಲಿಸಿ ಪುನರಾವರ್ತನೆಗೆ ದಿನ ಕೊಡಬೇಕು.

ಒಪ್ಪಿಕೊಂಡರೆ ಸೋಮಾರಿತನ ಬರುತ್ತದೆಯೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳು ತದ್ವಿರುದ್ಧವನ್ನೇ ತೋರಿಸಿದವು. ಕಠಿಣ ಪರೀಕ್ಷೆಯಲ್ಲಿ ಸೋತಾಗ ತಮ್ಮ ಬಗ್ಗೆ ಕರುಣೆಯಿಂದ ಯೋಚಿಸುವಂತೆ ಹೇಳಿಸಿಕೊಂಡವರು ಮುಂದಿನ ಪರೀಕ್ಷೆಗೆ ಉಳಿದವರಿಗಿಂತ ಹೆಚ್ಚು ಹೊತ್ತು ಓದಿದರು. ಒಪ್ಪಿಕೊಳ್ಳುವುದೆಂದರೆ ನಿಮ್ಮ ವಿಷಯದಲ್ಲಿ ಬಹಳ ಸರಳ: ಟೈಮ್‌ಟೇಬಲ್ ಹತ್ತು ಗಂಟೆ ಎನ್ನುತ್ತದೆ, ನಿಜವಾಗಿ ಓದುತ್ತಿರುವುದು ನಾಲ್ಕು ಗಂಟೆ ಎಂದರೆ, ನಾಲ್ಕು ಎಂದೇ ಬರೆದು ಅಲ್ಲಿಂದ ಶುರುಮಾಡಿ. ಮುಂದಿನ ವಾರ ನಾಲ್ಕೂವರೆ. ಹತ್ತರ ಪಟ್ಟಿ ಗೋಡೆಯ ಮೇಲೆ ಇರುವವರೆಗೂ ಪ್ರತಿದಿನ ಸೋಲೇ.

ಶಿಸ್ತಿಗೆ ಸಂಕಲ್ಪಕ್ಕಿಂತ ಸಂದರ್ಭ ಮುಖ್ಯ. "ನಾಳೆ ಚೆನ್ನಾಗಿ ಓದುತ್ತೇನೆ" ಎಂಬುದಕ್ಕೆ ಹಿಡಿಕೆ ಇಲ್ಲ. "ಬೆಳಗಿನ ಕಾಫಿ ಲೋಟ ತೊಳೆದಿಟ್ಟ ತಕ್ಷಣ ಮೊಬೈಲನ್ನು ಪಕ್ಕದ ಕೋಣೆಯಲ್ಲಿಟ್ಟು ನಿನ್ನೆಯ 20 ಪ್ರಶ್ನೆ ನೋಡುತ್ತೇನೆ" ಎಂದು ಬರೆದರೆ ಲೋಟವೇ ನೆನಪಿಸುತ್ತದೆ. ಮೈ ಸರಿಯಿಲ್ಲದ, ಮನೆಗೆ ನೆಂಟರು ಬಂದ ದಿನಕ್ಕೆಂದು ಹದಿನೈದು ನಿಮಿಷದ ಚಿಕ್ಕ ರೂಪವನ್ನೂ ಮೊದಲೇ ನಿಗದಿ ಮಾಡಿಡಿ. ತಪ್ಪಿಹೋದ ಗಂಟೆಗಳನ್ನು ಮರುದಿನಕ್ಕೆ ಸೇರಿಸಬೇಡಿ. ಎಂಟು ಗಂಟೆಯ ಸಾಲ ಕಂಡ ಕೂಡಲೇ ಮನಸ್ಸು ಆ ದಿನವನ್ನೂ ಕೈಬಿಡುತ್ತದೆ. 21 ದಿನದಲ್ಲಿ ಅಭ್ಯಾಸ ಕೂರುತ್ತದೆ ಎಂಬ ಮಾತನ್ನೂ ನಂಬಬೇಡಿ. ಲಂಡನ್‌ನಲ್ಲಿ ಫಿಲಿಪಾ ಲಾಲಿ ತಂಡ 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂದಾಜು ಸಿಕ್ಕಿದ್ದು ಸುಮಾರು 66 ದಿನ. ಜನರಿಂದ ಜನರಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸ. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ.

ಒಂದು ಎಚ್ಚರಿಕೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮಂಕು ಕವಿದಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಇಷ್ಟವಾಗಿದ್ದದ್ದೂ ಬೇಡವಾಗಿದ್ದರೆ ಅದು ಡೈರಿಯಿಂದ ಸರಿಹೋಗುವಂಥದ್ದಲ್ಲ, ವೈದ್ಯರನ್ನು ಕಾಣಬೇಕು. ಬದುಕು ಬೇಡ ಅನ್ನಿಸಿದರಂತೂ ಎರಡು ವಾರ ಕಾಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಉಳಿದಂತೆ, ತಿಂಗಳ ಕೊನೆಗೆ ಒಂದೇ ಲೆಕ್ಕ ನೋಡಿ: ಓದು ತಪ್ಪಿದ ದಿನದಿಂದ ಮತ್ತೆ ಮೇಜಿಗೆ ಮರಳಿದ ದಿನಕ್ಕೆ ಎಷ್ಟು ಅಂತರ? ಮೊದಲು ಐದು ದಿನ ಇದ್ದದ್ದು ಎರಡಕ್ಕೆ ಇಳಿದಿದ್ದರೆ ವಿಧಾನ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಚಿಕ್ಕ ರೂಪವನ್ನು ಹದಿನೈದರಿಂದ ಐದು ನಿಮಿಷಕ್ಕೆ ತನ್ನಿ.