ಬಯೋಚಾರ್ ಮತ್ತು ಕಾಂಪೋಸ್ಟ್: ಪುಣೆಯ ಕಪ್ಪು ಮಣ್ಣಿನ ಮೇಲೆ ನಿಂತು ಓದಿದ ಸಂಶೋಧನೆ

ಪುಣೆಯಲ್ಲಿ ಮಣ್ಣು ವಿಜ್ಞಾನ ಓದುತ್ತಿರುವ ಕನ್ನಡದ ಗೆಳೆಯರಿಗಾಗಿ ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. ಮಣ್ಣಿಗೆ ಬೆರೆಸುವ ಇದ್ದಿಲಾದ ಬಯೋಚಾರ್ ಒಳ್ಳೆಯದೋ ಅಲ್ಲವೋ ಎಂಬ ಪ್ರಶ್ನೆಯನ್ನು ಸಂಶೋಧನೆ ಈಗಾಗಲೇ ದಾಟಿ ಬಂದಿದೆ. ಯಾವ ಕಚ್ಚಾ ವಸ್ತುವಿನಿಂದ, ಎಷ್ಟು ತಾಪದಲ್ಲಿ ಮಾಡಿದ ಇದ್ದಿಲು, ಯಾವ ಮಣ್ಣಿಗೆ, ಯಾವ ಗೊಬ್ಬರದ ಜೊತೆ ಎಂಬುದೇ ಈಗಿನ ಪ್ರಶ್ನೆ. ಈ ನಾಲ್ಕನ್ನೂ ಬಿಡಿಸಿ ನೋಡದೆ ಪ್ರಬಂಧಗಳನ್ನು ಓದಿದರೆ ಬೇರೆ ಮಣ್ಣಿನ ಫಲಿತಾಂಶವನ್ನು ನಮ್ಮ ಮಣ್ಣಿಗೆ ಅಂಟಿಸಿಬಿಡುವ ಅಪಾಯವಿದೆ.

ಮೂಲ ಸಂಗತಿಗಳನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ಬೆಳೆಯುಳಿಕೆ, ಕಟ್ಟಿಗೆ, ತೆಂಗಿನ ಚಿಪ್ಪಿನಂಥ ಜೈವಿಕ ವಸ್ತುವನ್ನು ಆಮ್ಲಜನಕ ತೀರಾ ಕಡಿಮೆ ಇರುವಂತೆ ಮಾಡಿ, ಸಾಮಾನ್ಯವಾಗಿ 350ರಿಂದ 700 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಕಾಯಿಸಿದಾಗ ಉಳಿಯುವ ಇದ್ದಿಲನ್ನು ಮಣ್ಣಿಗೆ ಬಳಸಿದರೆ ಅದು ಬಯೋಚಾರ್. ತಾಪ ಏರಿದಂತೆ ಇಂಗಾಲ ಹೆಚ್ಚು ಸ್ಥಿರವಾಗುತ್ತದೆ, ಸೂಕ್ಷ್ಮ ರಂಧ್ರಗಳ ಮೇಲ್ಮೈ ಬೆಳೆಯುತ್ತದೆ, ಬೂದಿಯ ಪಾಲು ಹೆಚ್ಚಿ ರಸಸಾರವೂ, ಅಂದರೆ ಪಿಎಚ್ ಕೂಡ, ಮೇಲೇರುತ್ತದೆ. ಕಡಿಮೆ ತಾಪದ ಇದ್ದಿಲು ಅಷ್ಟು ಕ್ಷಾರೀಯವಾಗಿರುವುದಿಲ್ಲವಾದರೂ ಬೇಗ ಕೊಳೆಯುವ ಅಂಶ ಅದರಲ್ಲಿ ಸ್ವಲ್ಪ ಹೆಚ್ಚು. ಕಾಂಪೋಸ್ಟ್ ವಿಷಯದಲ್ಲಿ ಇಂಗಾಲ-ಸಾರಜನಕದ ಅನುಪಾತ ಆರಂಭದಲ್ಲಿ 25ರಿಂದ 30 ಇರಬೇಕು ಎಂಬುದು ನಮಗೆ ಬಾಯಿಪಾಠ. ಆಲ್ಬರ್ಟ್ ಹೊವಾರ್ಡ್ ಅವರ ಇಂದೋರ್ ಪದ್ಧತಿಯೂ ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಯೂ ಪರೀಕ್ಷೆಯಲ್ಲಿ ಬರುವಂಥವು.

ಬಯೋಚಾರ್ ಅಧ್ಯಯನಕ್ಕೆ ಪ್ರೇರಣೆ ಬಂದದ್ದು ಅಮೆಜಾನ್ ಪ್ರದೇಶದ ‘ಟೆರ್ರಾ ಪ್ರೆಟಾ’ ಎಂಬ ಕಪ್ಪು ಮಣ್ಣಿನಿಂದ. ಡಚ್ ಮಣ್ಣು ವಿಜ್ಞಾನಿ ವಿಮ್ ಸೊಂಬ್ರೂಕ್ 1966ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಆ ಮಣ್ಣಿನಲ್ಲಿ ಇದ್ದಿಲಿನ ಜೊತೆಗೆ ಮೂಳೆ, ಬೂದಿ, ಮಲಮೂತ್ರ, ಅಡುಗೆಯ ಉಳಿಕೆ, ಮಡಕೆಯ ಚೂರು ಎಲ್ಲವೂ ಸೇರಿವೆ. ಅಂದರೆ ಇದ್ದಿಲು ಮತ್ತು ಕೊಳೆತ ಸಾವಯವ ವಸ್ತು ಮೊದಲಿನಿಂದಲೂ ಕೂಡಿಯೇ ಇದ್ದವು. ಆದರೂ ಆರಂಭದ ಪ್ರಯೋಗಗಳಲ್ಲಿ ಬಹುಪಾಲು ಇದ್ದಿಲೊಂದನ್ನೇ ಮಣ್ಣಿಗೆ ಸುರಿದು ಇಳುವರಿ ಅಳೆದವು. ಫಲಿತಾಂಶಗಳು ದಿಕ್ಕಿಗೊಂದರಂತೆ ಬಂದದ್ದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಈ ಚದುರಿದ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಗಳಲ್ಲಿ ಸೈಮನ್ ಜೆಫ್ರಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ್ದು ಮುಖ್ಯವಾದದ್ದು. ಉಷ್ಣವಲಯದಲ್ಲಿ ಇಳುವರಿ ಸರಾಸರಿ ಶೇ. 25ರಷ್ಟು ಏರಿತ್ತು, ಸಮಶೀತೋಷ್ಣ ವಲಯದಲ್ಲಿ ಸರಾಸರಿ ಲಾಭವೇ ಕಾಣಲಿಲ್ಲ. ಪುಣೆ ಉಷ್ಣವಲಯದಲ್ಲಿದೆ, ಆದ್ದರಿಂದ ನಮಗೂ ಶೇ. 25 ಎಂದು ಓದುವುದು ತಪ್ಪಾಗುತ್ತದೆ. ಆ ಲಾಭದ ಹಿಂದಿರುವುದು ಬಹುಮಟ್ಟಿಗೆ ಸುಣ್ಣದ ಪರಿಣಾಮ: ಆಮ್ಲೀಯವೂ ಪೋಷಕಾಂಶದಲ್ಲಿ ಬಡವೂ ಆದ ಮಣ್ಣಿನಲ್ಲಿ ಇದ್ದಿಲಿನ ಕ್ಷಾರೀಯ ಬೂದಿ ರಸಸಾರವನ್ನು ಏರಿಸುತ್ತದೆ, ಅಲ್ಯೂಮಿನಿಯಂನ ವಿಷತ್ವ ತಗ್ಗುತ್ತದೆ, ಬಂಧಿತವಾಗಿದ್ದ ರಂಜಕ ಬೇರಿಗೆ ಎಟಕುತ್ತದೆ. ಗೋವಾದ ಜಂಬಿಟ್ಟಿಗೆ ಮಣ್ಣಿಗೆ ಈ ವಿವರಣೆ ಸಲೀಸಾಗಿ ಹೊಂದುತ್ತದೆ. ಪುಣೆ, ಸೊಲ್ಲಾಪುರ, ಸಾಂಗ್ಲಿ ಕಡೆಯ ಎರೆಮಣ್ಣು ಹಾಗಲ್ಲ. ಬಸಾಲ್ಟ್ ಶಿಲೆಯಿಂದ ಹುಟ್ಟಿದ ಈ ಮಣ್ಣು ಬಹುತೇಕ ಸುಣ್ಣದಂಶವುಳ್ಳದ್ದು, ರಸಸಾರ 8ರ ಆಸುಪಾಸಿನದ್ದು. ಅದರಲ್ಲಿರುವ ಉಬ್ಬುವ ಜೇಡಿ ನೀರನ್ನೂ ಧನ ಅಯಾನುಗಳನ್ನೂ, ಅಂದರೆ ಧನ ವಿದ್ಯುದಂಶವುಳ್ಳ ಪೋಷಕಾಂಶದ ಕಣಗಳನ್ನೂ, ಮೊದಲೇ ಸಾಕಷ್ಟು ಹಿಡಿದಿಟ್ಟುಕೊಂಡಿರುತ್ತದೆ. ಇಂಥ ಮಣ್ಣಿಗೆ ಕ್ಷಾರೀಯ ಇದ್ದಿಲನ್ನು ಹೆಚ್ಚಾಗಿ ಹಾಕಿದರೆ ಸತು, ಕಬ್ಬಿಣ, ರಂಜಕಗಳ ಲಭ್ಯತೆ ಕುಗ್ಗಬಹುದು. ಕಬ್ಬಿನ ಎಳೆಯ ಗರಿಗಳಲ್ಲಿ ನಾಳಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುವ ಕಬ್ಬಿಣದ ಕೊರತೆ ಈ ಸೀಮೆಯಲ್ಲಿ ಹೊಸದೇನಲ್ಲ. ಅದನ್ನು ಕೈಯಾರೆ ಹೆಚ್ಚಿಸಬಾರದು.

ಹಾಗಾದರೆ ನಮ್ಮ ಸೀಮೆಗೆ ಬಯೋಚಾರ್‌ನಿಂದ ಉಪಯೋಗವಿಲ್ಲವೇ ಎಂದು ಕೇಳಬಹುದು. ಉಪಯೋಗವಿದೆ, ಆದರೆ ಅದು ಕಾಂಪೋಸ್ಟಿನ ಮೂಲಕ ಬರಬೇಕು ಎಂಬುದು ನನ್ನ ಅಭಿಪ್ರಾಯ. ಕಳೆದ ಹತ್ತು ವರ್ಷಗಳ ಅತ್ಯಂತ ಫಲವತ್ತಾದ ಸಂಶೋಧನೆ ನಡೆದಿರುವುದೂ ಇಲ್ಲಿಯೇ. ಕ್ಲೌಡಿಯಾ ಕಾಮನ್ ಮತ್ತು ಸಂಗಡಿಗರು 2015ರಲ್ಲಿ ಕಿನೋವಾ ಗಿಡಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕಾಂಪೋಸ್ಟಿಗೆ ಸೇರಿಸದ ಬರಿಯ ಇದ್ದಿಲು ಹಾಕಿದ ಗಿಡಗಳ ಬೆಳವಣಿಗೆ ಏನೂ ಹಾಕದ ಗಿಡಗಳ ಶೇ. 60ಕ್ಕೆ ಇಳಿಯಿತು, ಕೊಳೆಯುವ ಕಾಂಪೋಸ್ಟ್ ರಾಶಿಯಲ್ಲಿಯೇ ಇಟ್ಟು ತೆಗೆದ ಅದೇ ಇದ್ದಿಲು ಬೆಳವಣಿಗೆಯನ್ನು ಶೇ. 305ಕ್ಕೆ ಏರಿಸಿತು. ರಾಶಿಯೊಳಗಿದ್ದ ಇದ್ದಿಲು ನೈಟ್ರೇಟನ್ನು ರಂಧ್ರಗಳಲ್ಲಿ ತುಂಬಿಕೊಂಡಿತ್ತು. ಋಣ ಅಯಾನಾದ ನೈಟ್ರೇಟು ಮಳೆನೀರಿನೊಡನೆ ಸುಲಭವಾಗಿ ಇಳಿದುಹೋಗುವಂಥದ್ದು, ಅದನ್ನು ಹಿಡಿಯುವ ಶಕ್ತಿ ಜೇಡಿಗೂ ಇಲ್ಲ. ಆದ್ದರಿಂದ ಈ ಫಲಿತಾಂಶಕ್ಕೆ ಅಷ್ಟು ಮಹತ್ವ. 2017ರಲ್ಲಿ ನಿಕೋಲಾಸ್ ಹಾಗೆಮನ್ ಮತ್ತು ಸಂಗಡಿಗರು ಇದರ ಕಾರಣವನ್ನು ತೋರಿಸಿದರು: ಕಾಂಪೋಸ್ಟ್ ಆಗುವಾಗ ಇದ್ದಿಲಿನ ಹೊರಮೈಗೂ ರಂಧ್ರಗಳ ಒಳಮೈಗೂ ಸಾರಜನಕಯುಕ್ತ ಸಾವಯವ ಪದಾರ್ಥದ ತೆಳು ಲೇಪ ಕೂರುತ್ತದೆ, ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಟ್ಟು ನಿಧಾನವಾಗಿ ಬಿಡುವುದು ಆ ಲೇಪದ ಕೆಲಸ. ಕುಂಡದ ಪ್ರಯೋಗದ ಶೇ. 305 ಹೊಲದಲ್ಲಿ ಬರುವುದೆಂದು ಯಾರೂ ನಿರೀಕ್ಷಿಸಬಾರದು. ಆದರೆ ಒಂದೇ ಇದ್ದಿಲು, ಒಂದು ರೂಪದಲ್ಲಿ ಹಾನಿ, ಇನ್ನೊಂದು ರೂಪದಲ್ಲಿ ಲಾಭ ತಂದಿತೆಂಬುದನ್ನು ಮರೆಯುವಂತಿಲ್ಲ.

ಲಾಭ ಕಾಂಪೋಸ್ಟಿಗೂ ಉಂಟು. ಪುಣೆಯ ದೊಡ್ಡ ಹೌಸಿಂಗ್ ಸೊಸೈಟಿಗಳಲ್ಲಿ ಹಸಿ ಕಸದ ಗುಂಡಿಗಳ ಹತ್ತಿರ ನಿಂತವರಿಗೆ ಮೂಗಿಗೆ ಅಡರುವ ಅಮೋನಿಯಾ ವಾಸನೆ ಗೊತ್ತು. ಆ ವಾಸನೆಯೆಂದರೆ ಗಾಳಿಗೆ ಹೋಗುತ್ತಿರುವ ಸಾರಜನಕ. ಅನ್ನ, ತರಕಾರಿ ಸಿಪ್ಪೆ, ಚಹಾ ಚರಟ ಸೇರಿದ ಕಸ ಒದ್ದೆಯಾಗಿ ಮುದ್ದೆಗಟ್ಟುವುದರಿಂದ ಒಳಗೆ ಗಾಳಿಯಾಡುವುದಿಲ್ಲ. ಪುಡಿಗೈದ ಇದ್ದಿಲನ್ನು ತೂಕದಲ್ಲಿ ಶೇ. 10ರ ಆಸುಪಾಸಿನಲ್ಲಿ ಬೆರೆಸಿದರೆ ರಾಶಿ ಸಡಿಲವಾಗುತ್ತದೆ, ಬೇಗ ಬಿಸಿಯೇರುತ್ತದೆ, ಅಮೋನಿಯಂ ಇದ್ದಿಲಿಗೆ ಅಂಟಿ ಉಳಿಯುತ್ತದೆ. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಇಳಿದರೆ ತೇವ ಸರಿಯಿದೆ ಎಂದರ್ಥ. ಇದ್ದಿಲಿನ ಗುಣವನ್ನೂ ಕೈಯಿಂದಲೇ ಅಂದಾಜು ಮಾಡಬಹುದು: ಚೆನ್ನಾಗಿ ಆದ ಇದ್ದಿಲಿನ ಕಪ್ಪು ಬರಿಯ ನೀರಿನಲ್ಲಿ ತೊಳೆದರೂ ಕೈಯಿಂದ ಹೋಗುತ್ತದೆ, ಸೋಪು ಹಚ್ಚಿದರೂ ಜಿಡ್ಡು ಉಳಿದು ಹೊಗೆವಾಸನೆ ಬಂದರೆ ಟಾರಿನ ಅಂಶ ಇನ್ನೂ ಇದೆ, ಅದನ್ನು ಗಿಡದ ಬುಡಕ್ಕೆ ಹಾಕಬಾರದು. ಪುಡಿ ಮಾಡುವ ಮುನ್ನ ನೀರು ಚಿಮುಕಿಸಿಕೊಳ್ಳಿ, ಅದರ ಒಣ ಧೂಳು ಶ್ವಾಸಕೋಶಕ್ಕೆ ಹಾನಿಕರ.

ಪ್ರಮಾಣದ ವಿಷಯದಲ್ಲೂ ದಿಕ್ಕು ಬದಲಾಗಿದೆ. ಹೆಕ್ಟೇರಿಗೆ 10–20 ಟನ್ ಇದ್ದಿಲು ಹಾಕುವ ಹಳೆಯ ಪ್ರಯೋಗಗಳು ಯಾವ ರೈತನ ಕೈಗೂ ಎಟಕುವಂಥವಲ್ಲ. ಈಗಿನ ಒಲವು ಗೊಬ್ಬರದೊಡನೆ ಬೆರೆಸಿ ಬೇರಿನ ಬಳಿ ಸ್ವಲ್ಪವೇ ಕೊಡುವತ್ತ. ಬಯೋಚಾರ್ ಆಧಾರಿತ ರಸಗೊಬ್ಬರಗಳ ಕುರಿತ 2022ರ ಒಂದು ಮೆಟಾ ವಿಶ್ಲೇಷಣೆಯಲ್ಲಿ, ಅಂದರೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ಅಧ್ಯಯನದಲ್ಲಿ, ಹೆಕ್ಟೇರಿಗೆ ಒಂದು ಟನ್ನಿಗಿಂತ ಕಡಿಮೆ ಸರಾಸರಿ ಪ್ರಮಾಣದಲ್ಲಿಯೂ, ಸಾಮಾನ್ಯ ಗೊಬ್ಬರ ಪಡೆದ ಬೆಳೆಗಿಂತ ಸುಮಾರು ಶೇ. 10 ಹೆಚ್ಚು ಇಳುವರಿ ಕಂಡುಬಂದಿದೆ. ಕ್ಷಾರೀಯ ಮಣ್ಣಿಗಾಗಿ ಆಮ್ಲೋಪಚಾರ ಮಾಡಿದ ಇದ್ದಿಲು, ರಂಜಕ ಹಿಡಿಯಲು ಕಬ್ಬಿಣ ಅಥವಾ ಮೆಗ್ನೀಸಿಯಂ ಲೇಪಿಸಿದ ಇದ್ದಿಲು, ಜೀವಾಣು ಗೊಬ್ಬರಕ್ಕೆ ವಾಹಕವಾಗಿ ಇದ್ದಿಲು, ಹೀಗೆ ಹೊಸ ಪ್ರಬಂಧಗಳು ಬರುತ್ತಲೇ ಇವೆ.

ಹವಾಮಾನದ ಕೋನದಿಂದ ಬರುವ ಸಂಶೋಧನೆಯೂ ಬಹಳ. ಇದ್ದಿಲಿನ ಇಂಗಾಲದ ಹೆಚ್ಚಿನ ಪಾಲು ನೂರಾರು ವರ್ಷ ಮಣ್ಣಿನಲ್ಲಿ ಉಳಿಯಬಲ್ಲದು. ಕಾಂಪೋಸ್ಟಿನದು ಅಷ್ಟು ಕಾಲ ನಿಲ್ಲುವುದಿಲ್ಲ. ಇಂಗಾಲವನ್ನು ಹಿಡಿದಿಟ್ಟದ್ದಕ್ಕೆ ಹಣ ಕೊಡುವ ಇಂಗಾಲದ ಮಾರುಕಟ್ಟೆಗೆ ಈ ಸ್ಥಿರತೆಯೇ ಬೇಕು, ಹಾಗಾಗಿ ಅಲ್ಲಿ ಹೆಚ್ಚು ತಾಪದ ಇದ್ದಿಲಿಗೆ ಬೆಲೆ. ನಮ್ಮ ಕ್ಷಾರೀಯ ಮಣ್ಣಿಗೆ ಒಗ್ಗುವುದು ಕಡಿಮೆ ತಾಪದ್ದು. ಈ ಎರಡು ಉದ್ದೇಶಗಳನ್ನು ಒಂದೇ ಎಂಬಂತೆ ಬರೆದ ಪ್ರಬಂಧಗಳನ್ನು ಎಚ್ಚರಿಕೆಯಿಂದ ಓದಬೇಕು.

ಕಚ್ಚಾ ವಸ್ತುವಿನ ಪ್ರಶ್ನೆ ನಮ್ಮ ಮನೆಬಾಗಿಲಿನದು. ಪುಣೆಯ ‘ಆರ್ತಿ’ ಸಂಸ್ಥೆ, ಆನಂದ ಕರ್ವೆಯವರ ನೇತೃತ್ವದಲ್ಲಿ, ಹೊಲದಲ್ಲೇ ಸುಟ್ಟುಹೋಗುತ್ತಿದ್ದ ಕಬ್ಬಿನ ರವದಿಯಿಂದ, ಅಂದರೆ ಒಣ ಗರಿಗಳಿಂದ, ಇದ್ದಿಲು ಮಾಡುವ ವಿಧಾನವನ್ನು ರೂಪಿಸಿ 2002ರಲ್ಲಿ ಆಶ್ಡೆನ್ ಪ್ರಶಸ್ತಿ ಪಡೆಯಿತು. ಅದು ಅಡುಗೆ ಇಂಧನಕ್ಕಾಗಿ ಮಾಡಿದ ಕೆಲಸವಾದರೂ ರವದಿಯನ್ನು ಇದ್ದಿಲಾಗಿಸುವ ತಿಳಿವಳಿಕೆ ಈ ನೆಲದಲ್ಲೇ ಇದೆ ಎಂಬುದಕ್ಕೆ ಸಾಕ್ಷಿ. ಆದರೆ ಸಾಲುಗಳ ನಡುವೆ ರವದಿಯನ್ನೇ ಮುಚ್ಚಿಗೆಯಾಗಿ ಹಾಸಿದರೆ ತೇವ ಉಳಿಯುತ್ತದೆ, ಎರೆಹುಳು ಹೆಚ್ಚುತ್ತವೆ. ಆದ್ದರಿಂದ ಸುಡಲು ಹೊರಟ ರವದಿಯನ್ನು ಮಾತ್ರ ಇದ್ದಿಲಿಗೆ ಬಳಸುವುದು ಸರಿ. ಹಾಸುವವರ ಹೊಲದಿಂದ ಅದನ್ನು ಎತ್ತಬಾರದು.

ಲಘು ಪ್ರಬಂಧಕ್ಕೆ ಈ ವಿಷಯ ಆರಿಸಿಕೊಳ್ಳುವವರು ಪ್ರಯೋಗದ ವಿನ್ಯಾಸಕ್ಕೆ ಹೆಚ್ಚು ಸಮಯ ಕೊಡಿ. ಏನೂ ಹಾಕದ ತಾಕು, ಶಿಫಾರಸಿನ ಗೊಬ್ಬರದ ತಾಕು, ಕಾಂಪೋಸ್ಟ್ ಮಾತ್ರ, ಇದ್ದಿಲು ಮಾತ್ರ, ಹೊಲದಲ್ಲಿ ಎರಡನ್ನೂ ಬೆರೆಸಿದ್ದು, ರಾಶಿಯಲ್ಲಿಯೇ ಕೂಡಿ ಕೊಳೆತದ್ದು ಎಂಬ ಆರು ಉಪಚಾರಗಳಾದರೂ ಇರಬೇಕು. ಕೊನೆಯ ಎರಡನ್ನು ಬೇರೆಯಾಗಿ ಇಡದಿದ್ದರೆ ಮೇಲೆ ಹೇಳಿದ ಲೇಪದ ಪಾತ್ರ ತಿಳಿಯುವುದೇ ಇಲ್ಲ. ಗೊಬ್ಬರ ಕೊಡುವ ತಾಕುಗಳಲ್ಲಿ ಒಟ್ಟು ಸಾರಜನಕ ಸಮನಾಗಿರಲಿ, ಇಲ್ಲವಾದರೆ ಗೊಬ್ಬರದ ಫಲವನ್ನು ಇದ್ದಿಲಿನ ಲೆಕ್ಕಕ್ಕೆ ಬರೆದಂತಾಗುತ್ತದೆ. ಇಳುವರಿಯ ಜೊತೆಗೆ ಸತು ಮತ್ತು ಕಬ್ಬಿಣವನ್ನು ಮಣ್ಣಿನಲ್ಲೂ ಎಲೆಯಲ್ಲೂ ಅಳೆಯಿರಿ. ನೈಟ್ರೇಟ್ ಅಳೆಯುವಾಗ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಒಂದೇ ಸಲ ಅಲುಗಿಸಿ ಸೋಸಿದರೆ ಇದ್ದಿಲಿನ ರಂಧ್ರದೊಳಗಿನದು ಪೂರ್ತಿ ಹೊರಬರುವುದಿಲ್ಲ; ಅದೇ ಮಾದರಿಯನ್ನು ಮತ್ತೆ ಮತ್ತೆ, ಹೆಚ್ಚು ಹೊತ್ತು ಅಲುಗಿಸಿ ಸೋಸಿ ತೆಗೆಯಬೇಕಾಗುತ್ತದೆ.